ವಿದ್ಯಾರ್ಥಿನಿ ನಂಬಿ ಹೇಳಿದ ಮಾತು: ಶಾಲೆ ಮೊದಲು ಮಾಡಬೇಕಾದದ್ದೇನು?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಚಿಂತಾಮಣಿ ತಾಲ್ಲೂಕು

ಮಾನ್ಯರೇ,

ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುವ ಸಹಶಿಕ್ಷಕಿ. ಒಂಬತ್ತನೆಯ ತರಗತಿಯ ತರಗತಿ ಶಿಕ್ಷಕಿಯ ಹೊಣೆಯೂ ನನ್ನದೇ. ಮಗುವಿನ ಗುರುತು ಹೊರಬೀಳಬಾರದೆಂದು ಊರು, ಶಾಲೆ ಮತ್ತು ಕುಟುಂಬದ ವಿವರಗಳನ್ನು ಇಲ್ಲಿ ಬರೆಯುತ್ತಿಲ್ಲ.

ನಮ್ಮ ತರಗತಿಯ ಒಬ್ಬ ವಿದ್ಯಾರ್ಥಿನಿ ದಸರಾ ರಜೆ ಕಳೆದ ಮೇಲೆ ತೀರಾ ಬದಲಾಗಿದ್ದಾಳೆ. ರೇಷ್ಮೆ ಬೆಳೆಯುವ ನಮ್ಮ ಭಾಗದಲ್ಲಿ ಹುಳು ಹಣ್ಣಾಗುವ ದಿನಗಳಲ್ಲಿ ಮಕ್ಕಳು ಶಾಲೆ ಬಿಟ್ಟು, ಚಂದ್ರಂಕಿಗೆ (ಹುಳು ಗೂಡು ಕಟ್ಟುವ ತಟ್ಟಿಗೆ) ಹುಳು ಬಿಡಲು ಮನೆಯವರ ಜೊತೆ ನಿಲ್ಲುವುದು ಹೊಸದೇನಲ್ಲ. ಹಾಜರಿ ಪುಸ್ತಕ ನೋಡಿಯೇ ಯಾರ ಮನೆಗೆ ಯಾವಾಗ ಬೆಳೆ ಬಂತೆಂದು ಹೇಳಬಹುದು. ಇವಳ ವಿಷಯ ಅದಕ್ಕೆ ತದ್ವಿರುದ್ಧವಾಗಿದೆ. ಮನೆಯಲ್ಲಿ ಕೆಲಸ ಮೈತುಂಬ ಇರುವ ದಿನಗಳಲ್ಲೂ ಶಾಲೆಗೆ ಬರುತ್ತಾಳೆ, ಸಂಜೆ ಗಂಟೆ ಹೊಡೆದ ಮೇಲೂ ಹೊರಡಲು ಮನಸ್ಸು ಮಾಡುವುದಿಲ್ಲ, ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಪ್ರಯೋಗಾಲಯದ ಬೀಕರುಗಳನ್ನು ತೊಳೆದಿಟ್ಟು ಹೋಗುತ್ತೇನೆಂದು ಹಿಂದೆಯೇ ಉಳಿಯುತ್ತಾಳೆ. ಬಿಸಿಯೂಟಕ್ಕೆ ತಟ್ಟೆ ಹಿಡಿದು ಕುಳಿತರೂ ಅನ್ನ ಕಲಸಿಟ್ಟಂತೆಯೇ ಉಳಿದಿರುತ್ತದೆ.

ನಿನ್ನೆ ಅವಳೇ ನನ್ನ ಬಳಿ ಬಂದು, ಮನೆಯಲ್ಲಿಯೇ ಇರುವ ಹತ್ತಿರದ ಸಂಬಂಧಿಕನೊಬ್ಬ ರಾತ್ರಿಯ ಹೊತ್ತು ತನ್ನೊಂದಿಗೆ ಕೆಟ್ಟದಾಗಿ ನಡೆದುಕೊಳ್ಳುತ್ತಿದ್ದಾನೆಂದು ಹೇಳಿದಳು. ಹೇಳಿ ಮುಗಿಸಿದ ಕೂಡಲೇ, "ಯಾರಿಗೂ ಹೇಳಬೇಡಿ ಮಿಸ್, ಅಮ್ಮನಿಗೂ ಬೇಡ" ಎಂದು ಬೇಡಿಕೊಂಡಳು. ನಾನು ಯಾವ ಮಾತನ್ನೂ ಕೊಡಲಿಲ್ಲ, ಅವಳ ಹೆಗಲ ಮೇಲೆ ಕೈಯಿಟ್ಟು ಸುಮ್ಮನೆ ಕುಳಿತಿದ್ದೆ.

ಮುಖ್ಯೋಪಾಧ್ಯಾಯರಿಗೆ ವಿಷಯ ತಿಳಿಸಿದ್ದೇನೆ. ಅವರು ಕಳಕಳಿಯುಳ್ಳವರು, ಆದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರೆದು ಅಲ್ಲಿಂದ ಸೂಚನೆ ಬರುವವರೆಗೆ ಕಾಯೋಣ ಎನ್ನುತ್ತಿದ್ದಾರೆ. ಹಿರಿಯ ಸಹೋದ್ಯೋಗಿಯೊಬ್ಬರು ಮಗುವಿನ ಹೆಸರು ತಿಳಿಯದೆಯೇ, ಇಂತಹ ಸಂದರ್ಭಗಳಲ್ಲಿ ತಂದೆಯನ್ನು ಕರೆಸಿ ಕಿವಿಮಾತು ಹೇಳಿದರೆ ಸಾಕೆಂದರು. ಇನ್ನೊಬ್ಬರು, ಅದು ಅವರ ಮನೆಯ ವಿಚಾರ, ನಾಳೆ ಊರಿನವರು ಶಾಲೆಯ ಮುಂದೆ ಬಂದು ನಿಂತರೆ ಉತ್ತರಿಸುವವರು ಯಾರು ಎಂದು ಕೇಳಿದರು. ನನಗೆ ತಿಳಿಯಬೇಕಾದದ್ದು ಇಷ್ಟು: ಕಾನೂನಿನಂತೆ ನನ್ನ ಕರ್ತವ್ಯವೇನು? ಮಗು ಬೇಡವೆಂದರೂ ತಿಳಿಸಬೇಕೇ? ಅವಳೊಂದಿಗೆ ಇಂದು ನಾನು ಹೇಗೆ ಮಾತನಾಡಬೇಕು? ಮುಂದೆ ಇಂತಹ ಮಾತು ಯಾವ ಶಿಕ್ಷಕರ ಕಿವಿಗೆ ಬಿದ್ದರೂ ಅವರು ನನ್ನಂತೆ ಒಂಟಿಯಾಗಿ ನಿಲ್ಲದಿರಲು ಶಾಲೆಯಲ್ಲಿ ಏನಿರಬೇಕು?

ಉತ್ತರ 1: ನಿವೃತ್ತ ಮುಖ್ಯೋಪಾಧ್ಯಾಯ, ಮುಳಬಾಗಿಲು

ಮೇಡಂ, ಕಾನೂನಿನ ವಿವರಗಳನ್ನು ತಿಳಿದವರು ಬರೆಯಲಿ. ಮಗುವಿನ ಮುಂದೆ ಕುಳಿತಾಗ ಏನು ಮಾಡಬೇಕೆಂಬುದನ್ನು ನಾನು ಹೇಳುತ್ತೇನೆ, ಏಕೆಂದರೆ ನಿಮಗೆ ಇರುವ ಸಮಯ ಇವತ್ತು ಸಂಜೆಯ ಗಂಟೆಯವರೆಗೆ ಮಾತ್ರ. ಆ ಮಗು ಇಂದು ರಾತ್ರಿಯೂ ಅದೇ ಮನೆಯಲ್ಲಿ ಮಲಗಬೇಕಾಗಿದೆ ಎಂಬುದನ್ನು ನಿಮ್ಮ ಮುಖ್ಯೋಪಾಧ್ಯಾಯರ ಮುಂದೆ ಇದೇ ಮಾತುಗಳಲ್ಲಿ ಇಡಿ. ಬಿಇಒ ಕಚೇರಿಯ ಉತ್ತರಕ್ಕೆ ಕಾಯುವ ಮಾತನ್ನು ಅವರು ಮತ್ತೆ ಆಡಲಾರರು.

ಗುಟ್ಟು ಕಾಯುತ್ತೇನೆಂದು ನೀವು ಮಾತು ಕೊಡದಿದ್ದದ್ದು ಸರಿಯಾಯಿತು. ಇಂದು ಅವಳನ್ನು ಬಾಗಿಲು ತೆರೆದಿರುವ, ಆದರೆ ಬೇರೆ ಮಕ್ಕಳು ಓಡಾಡದ ಜಾಗದಲ್ಲಿ ಕೂರಿಸಿಕೊಂಡು ಹೀಗೆ ಹೇಳಿ: "ನೀನು ಹೇಳಿದ್ದು ಒಳ್ಳೆಯದಾಯಿತು. ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ. ನಿನ್ನನ್ನು ಕಾಪಾಡಬಲ್ಲವರಿಗೆ ನಾನು ಇದನ್ನು ಹೇಳಲೇಬೇಕು, ಆದರೆ ಯಾರಿಗೆ ಹೇಳುತ್ತೇನೆಂದು ಮೊದಲು ನಿನಗೆ ತಿಳಿಸುತ್ತೇನೆ." ಅವಳು ಅತ್ತರೆ ಅಳಲಿ, ಸಿಟ್ಟಾದರೆ ಸಿಟ್ಟಾಗಲಿ. ತನಗೆ ತಿಳಿಯದ ಹಾಗೆ ದೊಡ್ಡವರು ತನ್ನ ಬಗ್ಗೆ ಓಡಾಡುತ್ತಿದ್ದಾರೆಂದು ಮಗುವಿಗೆ ಅನ್ನಿಸಿಬಿಟ್ಟರೆ ಮುಂದೆ ಅದು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ.

ಎಷ್ಟು ಸಲ, ಎಲ್ಲಿ, ಹೇಗೆ ಎಂದು ಕೆದಕಬೇಡಿ. ತನಿಖೆ ಶಾಲೆಯ ಕೆಲಸವಲ್ಲ. "ಇನ್ನೇನಾದರೂ ಹೇಳಬೇಕು ಅನ್ನಿಸುತ್ತದೆಯಾ?" ಎಂದು ಕೇಳಿ, ಅವಳು ಹೇಳಿದಷ್ಟನ್ನೇ ಕೇಳಿಸಿಕೊಳ್ಳಿ. ನಿಮ್ಮ ಮುಂದೆ ಒಮ್ಮೆ, ಮುಖ್ಯೋಪಾಧ್ಯಾಯರ ಮುಂದೆ ಒಮ್ಮೆ, ಇಲಾಖೆಯಿಂದ ಬಂದವರ ಮುಂದೆ ಇನ್ನೊಮ್ಮೆ ಎಂದು ಅದೇ ಮಾತನ್ನು ಹೇಳಿಸುತ್ತಾ ಹೋದರೆ ಪ್ರತಿ ಸಲವೂ ಗಾಯ ಕೆದರಿದಂತೆ. ಅಷ್ಟೇ ಅಲ್ಲ, ನಾಳೆ ನ್ಯಾಯಾಲಯದಲ್ಲಿ ಎದುರು ಪಕ್ಷದವರು ಅದು ಶಾಲೆಯವರು ಹೇಳಿಕೊಟ್ಟ ಮಾತೆಂದು ವಾದಿಸಲು ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ಬರೆದಿಡುವುದು ಬಹಳ ಮುಖ್ಯ. ದಿನಾಂಕ, ಸಮಯ, ಸ್ಥಳ, ಯಾರಿದ್ದರು, ಮಗು ಹೇಗಿದ್ದಳು ಎಂಬುದನ್ನು ಬರೆದು ಸಹಿ ಮಾಡಿ. ನಮ್ಮ ಗಡಿ ತಾಲ್ಲೂಕುಗಳಲ್ಲಿ ಬಹಳಷ್ಟು ಮಕ್ಕಳ ಮನೆಮಾತು ತೆಲುಗು. ತರಗತಿಯಲ್ಲಿ ಕನ್ನಡದಲ್ಲಿ ಚೆನ್ನಾಗಿ ಉತ್ತರಿಸುವ ಮಗುವೂ ಭಯದ ಮಾತನ್ನು ತೆಲುಗಿನಲ್ಲಿ ಆಡುತ್ತದೆ. ಅವಳು ತೆಲುಗಿನಲ್ಲಿ ಹೇಳಿದ್ದರೆ ಆ ತೆಲುಗು ಮಾತುಗಳನ್ನೇ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. "ಸದರಿ ವಿದ್ಯಾರ್ಥಿನಿಯು ಕಿರುಕುಳಕ್ಕೆ ಒಳಗಾಗಿರುತ್ತಾಳೆ" ಎಂಬ ಕಚೇರಿ ವಾಕ್ಯದಲ್ಲಿ ಮಗುವಿನ ಧ್ವನಿಯೇ ಇರುವುದಿಲ್ಲ. ಈ ಕಾಗದ ಮುಖ್ಯೋಪಾಧ್ಯಾಯರ ಬೀರುವಿನಲ್ಲಿ, ಬೀಗದೊಳಗೆ ಇರಬೇಕು. ಸಿಬ್ಬಂದಿ ಕೋಣೆಯಲ್ಲಿ ಇನ್ನು ಮುಂದೆ ಈ ವಿಷಯ ಹೆಸರಿಲ್ಲದೆಯೂ ಚರ್ಚೆಯಾಗಬಾರದು, ಏಕೆಂದರೆ ಸಣ್ಣ ಊರಿನಲ್ಲಿ ಹೆಸರು ಊಹಿಸಲು ಹೆಚ್ಚು ಹೊತ್ತು ಬೇಕಿಲ್ಲ.

ತಂದೆಯನ್ನು ಕರೆಸುವ ಸಲಹೆ ಒಳ್ಳೆಯ ಮನಸ್ಸಿನಿಂದಲೇ ಬಂದಿರಬಹುದು. ಆದರೆ ಆರೋಪಿತ ವ್ಯಕ್ತಿ ಅದೇ ಸೂರಿನಡಿ ಇದ್ದಾನೆ. ಶಾಲೆಯಿಂದ ಫೋನು ಹೋದ ಸಂಜೆ ಆ ಮನೆಯಲ್ಲಿ ಮಗುವಿನ ಮೇಲೆ ಎಷ್ಟು ಒತ್ತಡ ಬೀಳುತ್ತದೆಂದರೆ, ಮರುದಿನ ಅವಳು ತಾನು ಹೇಳಿದ್ದೆಲ್ಲ ಸುಳ್ಳೆನ್ನುತ್ತಾಳೆ ಅಥವಾ ಶಾಲೆಗೇ ಬರುವುದಿಲ್ಲ. ತಾಯಿಗೆ ಯಾವಾಗ, ಯಾರ ಮೂಲಕ ತಿಳಿಸಬೇಕೆಂಬುದನ್ನು ಮಕ್ಕಳ ರಕ್ಷಣೆಯ ಕೆಲಸದಲ್ಲಿರುವವರ ಜೊತೆ ಮಾತನಾಡಿಯೇ ನಿರ್ಧರಿಸಿ. ಮಕ್ಕಳ ಸಹಾಯವಾಣಿ 1098ಕ್ಕೆ ಈಗಲೇ ಕರೆ ಮಾಡಿ.

ಉತ್ತರ 2: ವಕೀಲೆ, ಚಿಕ್ಕಬಳ್ಳಾಪುರ

ಮೊದಲಿಗೆ ಎಲ್ಲರಲ್ಲೂ ಒಂದು ವಿನಂತಿ: ಮಗುವಿನ ಬಗ್ಗೆ ಇನ್ನಷ್ಟು ವಿವರ ಕೇಳುವುದಾಗಲಿ, ಶಿಕ್ಷಕಿಯವರು ಅದನ್ನು ಇಲ್ಲಿ ಬರೆಯುವುದಾಗಲಿ ಬೇಡ. ಹೆಸರು, ವಿಳಾಸ, ಶಾಲೆ, ಕುಟುಂಬ, ನೆರೆಹೊರೆ ಹೀಗೆ ಮಗುವನ್ನು ಗುರುತಿಸಲು ನೆರವಾಗುವ ಯಾವ ವಿವರವನ್ನೂ ಮಾಧ್ಯಮಗಳಲ್ಲಿ ಪ್ರಕಟಿಸುವುದನ್ನು ಪೋಕ್ಸೊ ಕಾಯ್ದೆಯ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ) ಸೆಕ್ಷನ್ 23 ನಿಷೇಧಿಸುತ್ತದೆ. ಶಾಲೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿಯೂ ಇದೇ ಎಚ್ಚರ ಇರಲಿ.

ಈಗ ನಿಮ್ಮ ಕರ್ತವ್ಯದ ವಿಷಯ. 2012ರ ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ, ಗಂಡುಮಕ್ಕಳನ್ನೂ ಸೇರಿಸಿ, ಮಕ್ಕಳೆಂದೇ ಪರಿಗಣಿಸುತ್ತದೆ. ಇಂತಹ ಅಪರಾಧ ನಡೆದಿದೆಯೆಂದು ತಿಳಿದವರು ಅಥವಾ ನಡೆಯಬಹುದೆಂದು ಆತಂಕವಿರುವವರು ಯಾರೇ ಆಗಲಿ, ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ ತಿಳಿಸಲೇಬೇಕೆಂದು ಸೆಕ್ಷನ್ 19 ಹೇಳುತ್ತದೆ. ಮಗುವಿನ ಅಥವಾ ಪೋಷಕರ ಒಪ್ಪಿಗೆ ಇರಬೇಕೆಂಬ ಷರತ್ತು ಅಲ್ಲಿಲ್ಲ. ಹೀಗಾಗಿ ಮುಖ್ಯೋಪಾಧ್ಯಾಯರಿಗೆ ಹೇಳಿದ ಮಾತ್ರಕ್ಕೆ ನಿಮ್ಮ ಹೊಣೆ ತೀರುವುದಿಲ್ಲ. ಇಲಾಖೆಗೆ ವರದಿ ಕಳುಹಿಸುವುದು ಆಡಳಿತದ ಕ್ರಮವಾಗಿ ನಡೆಯಲಿ, ಆದರೆ ಅದರ ಉತ್ತರ ಬರುವವರೆಗೆ ಕಾಯಲು ಕಾಯ್ದೆ ಅವಕಾಶ ಕೊಟ್ಟಿಲ್ಲ. ಮಾಹಿತಿ ನೀಡದಿದ್ದರೆ ಸೆಕ್ಷನ್ 21ರಂತೆ 6 ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನ ನೌಕರರು ಎಸಗಿದ ಅಪರಾಧವನ್ನು ಮುಚ್ಚಿಟ್ಟರೆ ಸೆರೆವಾಸ ಒಂದು ವರ್ಷದವರೆಗೂ ಹೋಗಬಹುದು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಮಹಾರಾಷ್ಟ್ರದ ಶಾಲಾ ವಸತಿನಿಲಯವೊಂದರ ಬಾಲಕಿಯರಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯರು ದೌರ್ಜನ್ಯದ ವಿಷಯ ತಿಳಿದೂ ತಿಳಿಸಲಿಲ್ಲವೆಂಬ ಪ್ರಕರಣದಲ್ಲಿ, ಹೀಗೆ ಮೌನವಾಗಿರುವುದು ಗಂಭೀರ ಅಪರಾಧವೆಂದು ಹೇಳಿ, ಹೈಕೋರ್ಟ್ ರದ್ದುಪಡಿಸಿದ್ದ ಮೊಕದ್ದಮೆ ಮತ್ತೆ ಮುಂದುವರಿಯುವಂತೆ ಮಾಡಿತು.

ಊರಿನವರಿಗೆ ಅಂಜುವ ಸಹೋದ್ಯೋಗಿಗೆ ಸೆಕ್ಷನ್ 19ರ ಕೊನೆಯ ಉಪಸೆಕ್ಷನ್ ತೋರಿಸಿ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸಲು ಬರುವುದಿಲ್ಲವೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಮಗು ಹೇಳಿದ್ದು ನಿಜವೆಂದು ನೀವು ಸಾಬೀತುಪಡಿಸಬೇಕಾಗಿಲ್ಲ. ಕೇಳಿದ್ದನ್ನು ಕೇಳಿದ ಹಾಗೆ ತಿಳಿಸಿದರೆ ಸಾಕು.

1098 ಹಗಲು ರಾತ್ರಿ ಕೆಲಸ ಮಾಡುವ ಉಚಿತ ಮಕ್ಕಳ ಸಹಾಯವಾಣಿ, ಅಲ್ಲಿಗೆ ಕರೆ ಮಾಡುವುದು ಸರಿಯಾದ ಹೆಜ್ಜೆ. ಆದರೂ ಸೆಕ್ಷನ್ 19 ಹೆಸರಿಸುವುದು ಪೊಲೀಸರನ್ನು, ಆದ್ದರಿಂದ ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಲಿಖಿತ ಮಾಹಿತಿ ಠಾಣೆಗೂ ಹೋಗಲಿ. ನೀವು ಕೊಟ್ಟ ಮಾಹಿತಿಗೆ ಅವರು ನಮೂದು ಸಂಖ್ಯೆ ನೀಡಬೇಕು, ಬರೆದುಕೊಂಡದ್ದನ್ನು ನಿಮಗೆ ಓದಿ ಹೇಳಬೇಕು. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳದೆ ಠಾಣೆಯಿಂದ ಹೊರಡಬೇಡಿ.

ಮಗುವನ್ನು ಠಾಣೆಗೆ ಕರೆದೊಯ್ಯಬೇಕಾಗುತ್ತದೆಂಬ ಭಯ ಹಲವರಲ್ಲಿದೆ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅವಳು ಬಯಸುವ ಸ್ಥಳದಲ್ಲಿ ಪಡೆಯಬೇಕು, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಬರಬೇಕು, ಅವರು ಸಮವಸ್ತ್ರದಲ್ಲಿರಬಾರದು, ಪೋಷಕರು ಅಥವಾ ಮಗು ನಂಬುವ ಇನ್ನೊಬ್ಬರು ಜೊತೆಗಿರಬೇಕು. ನಿಮ್ಮ ವಿದ್ಯಾರ್ಥಿನಿ ನಂಬಿರುವುದು ನಿಮ್ಮನ್ನು ಎಂಬುದು ಆಗ ನೆನಪಿರಲಿ. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಬಾಲಕಿಯ ವೈದ್ಯಕೀಯ ಪರೀಕ್ಷೆಯನ್ನು ಮಹಿಳಾ ವೈದ್ಯರೇ ಮಾಡಬೇಕು. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡಬೇಕು. ಆರೋಪಿತ ವ್ಯಕ್ತಿ ಅದೇ ಮನೆಯಲ್ಲಿ ವಾಸವಿರುವುದರಿಂದ, ಮಗು ಎಲ್ಲಿರಬೇಕೆಂಬುದನ್ನು ಸಮಿತಿಯೇ ಪರಿಶೀಲಿಸಿ 3 ದಿನಗಳೊಳಗೆ ನಿರ್ಧರಿಸಬೇಕೆಂದು 2020ರ ಪೋಕ್ಸೊ ನಿಯಮಗಳು ಹೇಳುತ್ತವೆ.

ಉತ್ತರ 3: ಪೋಷಕ ಹಾಗೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ, ಶ್ರೀನಿವಾಸಪುರ

ಮೇಲಿನ ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ. ಆದರೂ ಹಳ್ಳಿಯಲ್ಲಿ ಹೆಣ್ಣುಮಗಳೊಬ್ಬಳ ತಂದೆಯಾಗಿ ನನ್ನ ಮನಸ್ಸಿನಲ್ಲಿರುವ ಅಳುಕನ್ನು ಹೇಳದಿರಲಾರೆ. ಪೊಲೀಸರು ಊರಿಗೆ ಬಂದ ದಿನವೇ ಮನೆಯವರು ಮರ್ಯಾದೆ ಹೋಯಿತೆಂದು ಮಗುವನ್ನು ಶಾಲೆ ಬಿಡಿಸುತ್ತಾರೆ, ಆಂಧ್ರದ ಕಡೆಯ ನೆಂಟರ ಮನೆಗೆ ಕಳುಹಿಸುತ್ತಾರೆ, ಮಾವಿನ ಸುಗ್ಗಿ ಮುಗಿಯುವ ಹೊತ್ತಿಗೆ ಅಲ್ಲೇ ಮದುವೆಯನ್ನೂ ಮಾಡಿ ಮುಗಿಸುತ್ತಾರೆ. ತಪ್ಪು ಮಾಡಿದವನು ಜಾಮೀನಿನ ಮೇಲೆ ಊರಿಗೆ ಮರಳಬಹುದು, ಓದು ನಿಲ್ಲುವುದು ಮಾತ್ರ ಮಗುವಿನದು. ತಿಳಿಸಬಾರದೆಂದು ನಾನು ಖಂಡಿತ ಹೇಳುತ್ತಿಲ್ಲ. ತಿಳಿಸಿದ ಮರುದಿನದಿಂದ ಅವಳ ಓದಿಗೆ ಯಾರು ಜವಾಬ್ದಾರರು ಎಂಬುದಕ್ಕೆ ಉತ್ತರ ಬೇಕು. ಇಲಾಖೆಯ ಕಡತ ತೆರೆಯುವಷ್ಟು ಸುಲಭವಾಗಿ ಆ ಹುಡುಗಿ ತರಗತಿಗೆ ಮರಳುವುದಿಲ್ಲ.

ಉತ್ತರ 4: ಮಕ್ಕಳ ಆಪ್ತಸಮಾಲೋಚಕಿ, ತುಮಕೂರು

ಶ್ರೀನಿವಾಸಪುರದ ಪೋಷಕರು ಹೇಳಿದ ಅಳುಕು ನಿಜವಾದದ್ದೇ, ಅದನ್ನು ತಳ್ಳಿಹಾಕುವವರು ಹಳ್ಳಿಯಲ್ಲಿ ಕೆಲಸ ಮಾಡಿದವರಲ್ಲ. ಆದರೆ ಸುಮ್ಮನಿದ್ದರೆ ಓದು ಉಳಿಯುತ್ತದೆ ಎಂಬ ಲೆಕ್ಕವೂ ಸರಿಯಲ್ಲ. ಶಿಕ್ಷಕಿಯವರೇ ಬರೆದಿರುವಂತೆ ಆ ಮಗು ಈಗಾಗಲೇ ಊಟ ಬಿಟ್ಟಿದ್ದಾಳೆ, ಮನೆಗೆ ಹೋಗಲು ಹೆದರುತ್ತಿದ್ದಾಳೆ. ಆ ಸ್ಥಿತಿಯಲ್ಲಿ ಪಾಠ ತಲೆಗೆ ಹತ್ತುವುದಿಲ್ಲ.

ಓದು ನಿಲ್ಲದಿರಲು ಶಾಲೆ ಮೊದಲ ದಿನವೇ ಮಕ್ಕಳ ಕಲ್ಯಾಣ ಸಮಿತಿಗೆ ತನ್ನ ಕಡೆಯಿಂದಲೂ ಒಂದು ಪತ್ರ ಬರೆಯಬೇಕು. ಮಗು ಒಂಬತ್ತನೆಯ ತರಗತಿಯಲ್ಲಿದ್ದಾಳೆ, ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ ಇದೆ, ಅವಳ ಕಲಿಕೆ ಮುಂದುವರಿಯುವಂತೆ ಆದೇಶದಲ್ಲಿಯೇ ಸೂಚಿಸಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಕೇಳಿ. ಸಮಿತಿಯು ನಂಬಿಕಸ್ತ ಬಂಧುಗಳ ಮನೆ, ಬಾಲಕಿಯರ ಬಾಲಮಂದಿರ ಮುಂತಾದ ದಾರಿಗಳನ್ನು ನೋಡುತ್ತದೆ. ಆದರೆ ತಾಯಿ ಮಗುವಿನ ಪರ ಗಟ್ಟಿಯಾಗಿ ನಿಂತು ಆ ವ್ಯಕ್ತಿಯೇ ಮನೆಯಿಂದ ಹೊರಹೋಗುವಂತಾದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ತಪ್ಪು ಮಾಡದ ಮಗುವೇ ಮನೆ ಬಿಡಬೇಕಾದದ್ದು ನ್ಯಾಯವೆಂದು ನನಗೆ ಎಂದೂ ಅನ್ನಿಸಿಲ್ಲ. ಮುಂದಿನ ಶೈಕ್ಷಣಿಕ ವರ್ಷಕ್ಕೆ ಮೆಟ್ರಿಕ್ ಪೂರ್ವ ಬಾಲಕಿಯರ ವಿದ್ಯಾರ್ಥಿನಿಲಯದ ಪ್ರವೇಶವನ್ನೂ ಯೋಚಿಸಬಹುದು. ತನಿಖೆ ಮತ್ತು ವಿಚಾರಣೆಯ ಉದ್ದಕ್ಕೂ ಮಗುವಿನ ಜೊತೆಗಿರಲು ಒಬ್ಬ ಬೆಂಬಲ ವ್ಯಕ್ತಿಯನ್ನು ಸಮಿತಿ ನೇಮಿಸಬಹುದು. ಹಾಗೆ ನೇಮಿಸುವಂತೆ ಕೇಳಲು ಹಿಂಜರಿಯಬೇಡಿ.

ಅವಸರದ ಮದುವೆಯ ಸುಳಿವು ಸಿಕ್ಕರೆ ಅದೂ 1098ಕ್ಕೆ ಹೇಳಬೇಕಾದ ವಿಷಯವೇ. ಕರ್ನಾಟಕವು 2016ರ ತಿದ್ದುಪಡಿಯಿಂದ ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧುವೆಂದು ಮಾಡಿದೆ, ಮದುವೆ ನಡೆಯುವ ಮೊದಲೇ ನ್ಯಾಯಾಲಯದಿಂದ ತಡೆಯಾಜ್ಞೆ ತರಲೂ ಅವಕಾಶವಿದೆ.

ಮಗು ಶಾಲೆಗೆ ಮರಳಿದಾಗ ಅವಳನ್ನು ಗಾಜಿನ ಪಾತ್ರೆಯಂತೆ ನೋಡಬೇಡಿ. ಎಲ್ಲ ಶಿಕ್ಷಕರೂ ಕರುಣೆಯ ಕಣ್ಣಿನಿಂದ ನೋಡತೊಡಗಿದರೆ ಅವಳಿಗೆ ತರಗತಿಯೂ ಕಟಕಟೆಯಾಗುತ್ತದೆ. ಮೊದಲಿನಂತೆ ಪ್ರಶ್ನೆ ಕೇಳಿ, ಮನೆಗೆಲಸ ಕೊಡಿ, ಕಬಡ್ಡಿ ತಂಡಕ್ಕೆ ಸೇರಿಸಿ; ಹೊರಗೆ ಹೋಗಬೇಕೆನಿಸಿದಾಗ ಕಾರಣ ಹೇಳದೆ ಎದ್ದುಹೋಗಲು ನಿಮ್ಮಿಬ್ಬರ ನಡುವೆ ಒಂದು ಸನ್ನೆ ಇರಲಿ. ನಿದ್ರೆ ಬಾರದಿರುವುದು, ಇದ್ದಕ್ಕಿದ್ದಂತೆ ಬೆಚ್ಚುವುದು, ತನಗೆ ತಾನೇ ನೋವು ಮಾಡಿಕೊಳ್ಳುವ ಮಾತು ಕಂಡುಬಂದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಗೆ ಕರೆ ಮಾಡಿ, ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ನೀವೂ, ಮೇಡಂ, ನಿಮಗಾಗಿ ಅದೇ ಸಂಖ್ಯೆಗೆ ಕರೆ ಮಾಡಬಹುದು. ಇಂತಹ ಮಾತನ್ನು ಕೇಳಿಸಿಕೊಂಡವರಿಗೂ ರಾತ್ರಿ ನಿದ್ದೆ ಬರುವುದಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಮಕ್ಕಳ ರಕ್ಷಣಾ ನೀತಿಯನ್ನು ಮಕ್ಕಳೊಂದಿಗೆ ಕೆಲಸ ಮಾಡುವ ಪ್ರತಿ ಸಂಸ್ಥೆಯೂ ಅಳವಡಿಸಿಕೊಳ್ಳಬೇಕು, ಸಿಬ್ಬಂದಿಯ ಹಿನ್ನೆಲೆಯನ್ನು ಪೊಲೀಸರಿಂದ ಪರಿಶೀಲಿಸಿಕೊಳ್ಳಬೇಕು ಎಂದು 2020ರ ನಿಯಮಗಳಲ್ಲಿಯೇ ಇದೆ. ಕಾಗದದ ಮೇಲೆ ನೀತಿ ಇರುವ ಶಾಲೆಗಳನ್ನು ಬೇಕಾದಷ್ಟು ಕಂಡಿದ್ದೇನೆ. ಮಕ್ಕಳಿಗೆ ಗೊತ್ತಿರಬೇಕಾದದ್ದು, ಯಾವ ಶಿಕ್ಷಕರ ಬಳಿ ಹೋದರೆ ಕೇಳಿಸಿಕೊಳ್ಳುತ್ತಾರೆ ಎಂಬುದು. ಒಬ್ಬ ಶಿಕ್ಷಕಿ, ಒಬ್ಬ ಶಿಕ್ಷಕ, ಇಬ್ಬರ ಹೆಸರೂ ಪ್ರತಿ ತರಗತಿಯ ಗೋಡೆಯ ಮೇಲಿರಲಿ. ಅವರಲ್ಲೊಬ್ಬರ ಮೇಲೆಯೇ ದೂರಿದ್ದರೆ ಇನ್ನೊಬ್ಬರ ಬಳಿ ಹೋಗಬಹುದು. ದೂರು ಪೆಟ್ಟಿಗೆಯನ್ನು ಮುಖ್ಯೋಪಾಧ್ಯಾಯರ ಬಾಗಿಲ ಪಕ್ಕ ತೂಗುಹಾಕಿದರೆ ಎಲ್ಲರ ಕಣ್ಣೆದುರು ಅದಕ್ಕೆ ಚೀಟಿ ಹಾಕುವ ಧೈರ್ಯ ಯಾವ ಮಗುವಿಗೂ ಬರುವುದಿಲ್ಲ, ನೀರಿನ ತೊಟ್ಟಿಗೋ ಶೌಚಾಲಯಕ್ಕೋ ಹೋಗುವ ದಾರಿಯಲ್ಲಿಡಿ. ಯಾರಾದರೂ ಮಗು ಏನಾದರೂ ಹೇಳಿದರೆ ಯಾರು ಬರೆಯಬೇಕು, ಯಾರು ಕರೆ ಮಾಡಬೇಕು, ಯಾರು ಜೊತೆಗಿರಬೇಕು ಎಂಬುದನ್ನು ಒಂದು ಪುಟದಲ್ಲಿ ಬರೆದು, ಬಿಸಿಯೂಟದ ಅಡುಗೆಯವರೂ ಸೇರಿದಂತೆ ಎಲ್ಲರಿಗೂ ವರ್ಷದ ಆರಂಭದಲ್ಲಿಯೇ ಓದಿ ಹೇಳಿ. ಅನ್ನ ಹಾಗೆಯೇ ಉಳಿಯುವ ತಟ್ಟೆ ಮೊದಲು ಕಾಣುವುದು ಅಡುಗೆಯವರಿಗೆ. ಬಸ್ಸಿಗೆ ಕಾಯುವ ಜಾಗದ ಪುಂಡರ ಕಾಟ, ಬೆಳಕಿಲ್ಲದ ದಾರಿ ಮುಂತಾದವನ್ನು ನವೆಂಬರ್ ಆಸುಪಾಸಿನಲ್ಲಿ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳಿಂದಲೇ ಹೇಳಿಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ನಾನು ಋಣಿ. ಮಧ್ಯಾಹ್ನವೇ ಅವಳಿಗೆ ಎಲ್ಲವನ್ನೂ ತಿಳಿಸಿ, ಅನಂತರ ಮುಖ್ಯೋಪಾಧ್ಯಾಯರ ಕೊಠಡಿಯಿಂದ 1098ಕ್ಕೆ ಕರೆ ಮಾಡಿದೆವು. ಲಿಖಿತ ಮಾಹಿತಿಗೆ ಅವರೇ ಸಹಿ ಮಾಡಿ, ನನ್ನೊಂದಿಗೆ ಠಾಣೆಗೂ ಬಂದರು. ನಮೂದು ಸಂಖ್ಯೆ ನಮ್ಮ ಬಳಿಯಿದೆ. ಸಾದಾ ಉಡುಪಿನಲ್ಲಿ ಬಂದ ಮಹಿಳಾ ಅಧಿಕಾರಿ ಅವಳೊಂದಿಗೆ ಶಾಲೆಯಲ್ಲಿಯೇ ಮಾತನಾಡಿದರು, ನಾನು ಪಕ್ಕದಲ್ಲಿದ್ದೆ. ಮಗು ಈಗ ಸುರಕ್ಷಿತವಾಗಿದ್ದಾಳೆ, ಅದಕ್ಕಿಂತ ಹೆಚ್ಚು ಬರೆಯುವುದು ಸರಿಯಲ್ಲ. ಇನ್ನೊಂದು ಸಣ್ಣ ಪ್ರಶ್ನೆ: ಅವಳು ಕೆಲವು ದಿನ ಬಾರದಿದ್ದರೆ ತರಗತಿಯ ಮಕ್ಕಳು ಕೇಳುತ್ತಾರೆ. ಏನು ಹೇಳಲಿ?

ಉತ್ತರ 5: ಮಕ್ಕಳ ಆಪ್ತಸಮಾಲೋಚಕಿ, ತುಮಕೂರು

"ಮನೆಯ ಕೆಲಸದ ಮೇಲೆ ರಜೆ ಕೇಳಿದ್ದಾಳೆ, ಬರುತ್ತಾಳೆ" ಎಂದಷ್ಟೇ ಹೇಳಿ ಪಾಠ ಮುಂದುವರಿಸಿ. ಕಾಯಿಲೆಯೆಂದು ಹೇಳಬೇಡಿ, ಗೆಳತಿಯರು ನೋಡಲು ಮನೆಗೇ ಹೊರಟುಬಿಡುತ್ತಾರೆ. ಆ ದಿನಗಳ ನೋಟ್ಸನ್ನು ನೀವೇ ಒಂದು ಕಡೆ ಸೇರಿಸಿಡಿ, ತಪ್ಪಿದ ರೂಪಣಾತ್ಮಕ ಪರೀಕ್ಷೆಯನ್ನು ಮರಳಿದ ಮೇಲೆ ಸದ್ದಿಲ್ಲದೆ ಬರೆಸಿ. ಮುಖ್ಯೋಪಾಧ್ಯಾಯರಿಗೂ ಕಚೇರಿಯ ಗುಮಾಸ್ತರಿಗೂ ಒಂದು ವಿಷಯ ಹೇಳಿಡಿ: ಮನೆಯವರು ವರ್ಗಾವಣೆ ಪತ್ರ ಕೇಳಿಕೊಂಡು ಬಂದರೆ ಅರ್ಜಿ ತೆಗೆದುಕೊಳ್ಳಲಿ, ಆದರೆ ಪತ್ರ ಬರೆಯುವ ಮೊದಲು ಅದೇ ದಿನ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಲಿ.